ಪ್ರೊಜೆಕ್ಷನ್ ಗೊತ್ತಿಲ್ಲದ ಕ್ಯಾಡ್ ನಕ್ಷೆ: ಮೊದಲು ಅಂಕಿಗಳನ್ನು ಓದಿ

ಸಾಗರದ ಕಡೆಯ ಕುಡಿಯುವ ನೀರಿನ ಪೈಪ್‌ಲೈನ್ ನಕ್ಷೆ ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ತಂತ್ರಾಂಶ) ಫೈಲಾಗಿ ನನ್ನ ಕೈಗೆ ಬಂತು. ಅದನ್ನು ಭೂಪಟದ ತಂತ್ರಾಂಶವಾದ ಕ್ಯೂಜಿಐಎಸ್‌ಗೆ ತರಬೇಕಿತ್ತು. ಯಾವ ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಲೆಕ್ಕ) ಅಂತ ಎಲ್ಲೂ ಬರೆದಿರಲಿಲ್ಲ. ಬರೆದವರನ್ನು ಕೇಳೋಣ ಅಂದರೆ ಅವರು ಯಾರೆಂದೇ ಗೊತ್ತಿಲ್ಲ.

ಇಂಥ ಹೊತ್ತಿನಲ್ಲಿ ಸುಮ್ನೆ ಒಂದೊಂದೇ ಪ್ರೊಜೆಕ್ಷನ್ ಹಾಕಿ ನೋಡುತ್ತಾ ಕೂರಬಾರದು. ನಾನು ಮೊದಲು ನಕ್ಷೆಯ ಯಾವುದಾದರೂ ಬಿಂದುವಿನ ಅಂಕಿಗಳನ್ನು ಓದುತ್ತೇನೆ. ಯುಟಿಎಂ ಅಂದರೆ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ, ಮೀಟರಿನಲ್ಲಿ ಜಾಗ ಹೇಳುವ ಪ್ರೊಜೆಕ್ಷನ್. ನಮ್ಮ ಶಿವಮೊಗ್ಗ ಜಿಲ್ಲೆ ಇರುವುದು ಅದರ 43 ಉತ್ತರ ವಲಯದಲ್ಲಿ. ಶಿವಮೊಗ್ಗ ಪೇಟೆಯ ಈಸ್ಟಿಂಗ್ (ಪೂರ್ವ-ಪಶ್ಚಿಮದ ಅಂಕಿ, ಅಂದರೆ ಎಕ್ಸ್) ಸುಮಾರು 5,61,000 ಮೀಟರ್, ನಾರ್ಥಿಂಗ್ (ಉತ್ತರ-ದಕ್ಷಿಣದ ಅಂಕಿ, ಅಂದರೆ ವೈ) ಸುಮಾರು 15,40,000. ವಲಯದ ನಡುಗೆರೆಯಾದ 75 ಡಿಗ್ರಿ ರೇಖಾಂಶ ಸಾಗರದ ಪಕ್ಕದಲ್ಲೇ ಹಾದುಹೋಗುತ್ತದೆ. ನಡುಗೆರೆಯ ಈಸ್ಟಿಂಗ್ ಯಾವಾಗಲೂ 5,00,000. ಹಾಗಾಗಿ ಸಾಗರದ ಈಸ್ಟಿಂಗ್ 5,00,000ದ ಆಸುಪಾಸು, ಅದರ ಪಶ್ಚಿಮಕ್ಕಿರುವ ಲಿಂಗನಮಕ್ಕಿಯದು ಇನ್ನೂ ಕಡಿಮೆ. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಆದ ಹಾಗೇ. ಮೂರು ಸೊನ್ನೆ ಜಾಸ್ತಿ ಇದ್ದರೆ ನಕ್ಷೆ ಮಿಲಿಮೀಟರಿನಲ್ಲಿದೆ. ಎಕ್ಸ್ ಜಾಗದಲ್ಲಿ 15 ಲಕ್ಷ ಕಂಡರೆ ಎಕ್ಸ್-ವೈ ಅದಲುಬದಲಾಗಿದೆ. 1000, 1000ದ ಸುತ್ತಮುತ್ತಲಿನ ಅಂಕಿಗಳಿದ್ದರೆ ಸರ್ವೆಯವರು ಟೋಟಲ್ ಸ್ಟೇಷನ್ನಿಗೆ (ಸರ್ವೆಯ ಅಳತೆ ಯಂತ್ರಕ್ಕೆ) ತಾವೇ ಒಂದು ಆರಂಭದ ಅಂಕಿ ಕೊಟ್ಟಿದ್ದಾರೆ. ಅಲ್ಲಿ ಪ್ರೊಜೆಕ್ಷನ್ ಹುಡುಕುವುದೇ ದಂಡ. ನೆಲದ ಮೇಲೆ ಜಿಪಿಎಸ್ ಬಿಂದು ಹಿಡಿದು ನಕ್ಷೆಯನ್ನು ಕೂರಿಸಬೇಕು.

ನನ್ನ ಫೈಲಿನ ಅಂಕಿಗಳು ಯುಟಿಎಂನವೇ. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಲೆಕ್ಕದಲ್ಲಿ ಈ ವಲಯಕ್ಕಿರುವ ಕೋಡ್ 32643 ಕೊಟ್ಟು ಉಪಗ್ರಹ ಚಿತ್ರದ ಮೇಲೆ ಇಟ್ಟೆ. ಆಕಾರ ಸರಿ, ಅಳತೆ ಸರಿ. ಆದರೆ ಇಡೀ ಪೈಪ್‌ಲೈನ್ ಇನ್ನೂರು ಮೀಟರಿಗೂ ಜಾಸ್ತಿ ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ಸರಿದಿತ್ತು. ಎಲ್ಲ ಕಡೆಯೂ ಒಂದೇ ಸಮ ಸರಿದಿದ್ದರೆ ಅದು ಡೇಟಮ್ (ಭೂಮಿಯ ಆಕಾರಕ್ಕೂ ಸ್ಥಾನಕ್ಕೂ ಇಟ್ಟುಕೊಂಡ ಮೂಲ ಲೆಕ್ಕ) ಬೇರೆ ಇದೆ ಅನ್ನುವ ಗುರುತು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು ಎವರೆಸ್ಟ್ 1830 ಎಂಬ ಹಳೆಯ ಭೂಮಾದರಿಯ ಲೆಕ್ಕದವು. ಅದೇ ಮಾದರಿಯ ಡೇಟಮ್ ಆದ ಕಲ್ಯಾಣ್‌ಪುರ್ 1975ರ ಕೋಡ್ 24343 ಕೊಟ್ಟ ಕೂಡಲೇ ಪೈಪ್‌ಲೈನ್ ರಸ್ತೆಯ ಅಂಚಿಗೆ ಬಂದು ಕೂತಿತು. ಆಮೇಲಷ್ಟೇ 32643ಕ್ಕೆ ಎಕ್ಸ್‌ಪೋರ್ಟ್ ಮಾಡಿದೆ. ಈ ಎರಡು ಹೆಜ್ಜೆ ಕಲಸಿಹೋಗಬಾರದು. ಮೊದಲನೆಯದು ಇರುವ ಅಂಕಿ ಯಾವ ಲೆಕ್ಕದ್ದು ಅಂತ ಹೇಳುವುದು, ಎರಡನೆಯದು ಅಂಕಿಯನ್ನೇ ಬದಲಿಸುವುದು.

ತಾಳೆ ನೋಡುವುದು ಮಲೆನಾಡಿನಲ್ಲಿ ಕಷ್ಟ. ಅಡಿಕೆ ತೋಟದ ಮೂಲೆಗಳು ಮೇಲಿನಿಂದ ಕಾಣುವುದೇ ಇಲ್ಲ. ಸೇತುವೆ, ಕೆರೆ ಏರಿ, ಶಾಲೆಯ ಅಂಗಳ ಇಂಥವನ್ನೇ ನಂಬಬೇಕು, ಅದೂ ನಕ್ಷೆಯ ಎರಡು ತುದಿಗಳಲ್ಲಿ. ನಾನು ಒಂದು ತುದಿಯ ಸೇತುವೆಗೂ ಇನ್ನೊಂದು ತುದಿಯ ನೀರಿನ ಟ್ಯಾಂಕಿಗೂ ಜಿಪಿಎಸ್ ಹಿಡಿದುಕೊಂಡು ಹೋಗಿ ನೋಡಿದೆ. ಎರಡೂ ಕಡೆ ಹೊಂದಿದ ಮೇಲೆಯೇ ಫೈಲನ್ನು ಪಂಚಾಯಿತಿಗೆ ಕೊಟ್ಟೆ. ಜೊತೆಗೆ ಮೂಲ ಪ್ರೊಜೆಕ್ಷನ್ ಯಾವುದು, ಏನು ಬದಲಾಯಿಸಿದೆ ಅಂತ ಒಂದು ಚೀಟಿಯನ್ನೂ ಇಟ್ಟೆ.