ಲ್ಯಾಪ್‌ಟಾಪಿಗೆ ಹಾಕಿದ ಡೇಟಾ ಬಾಕ್ಸ್ ಕೈಕೊಟ್ಟರೆ

ಸೆನ್ಸರಿನ ರೀಡಿಂಗನ್ನು ಲ್ಯಾಪ್‌ಟಾಪಿಗೆ ಕೊಡುವ ಡೇಟಾ ಬಾಕ್ಸನ್ನು ಹತ್ತು ನಿಮಿಷಕ್ಕೊಮ್ಮೆ ತಾಪಮಾನ ಬರೆದುಕೊಳ್ಳುವಂತೆ ಹೊಂದಿಸಿ, ರಾತ್ರಿಯಿಡೀ ಓಡಲಿ ಅಂತ ಬಿಟ್ಟು ಹೋಗಿದ್ದೆ. ಬೆಳಿಗ್ಗೆ ಬಂದು ಫೈಲ್ ತೆರೆದರೆ ನಾಲ್ಕೇ ಸಾಲು. ಬಾಕ್ಸಿನ ಹಸಿರು ದೀಪ ಆರಿಹೋಗಿತ್ತು. ಯುಎಸ್‌ಬಿ ಕೇಬಲ್ ಕಿತ್ತು ಮತ್ತೆ ಹಾಕಿದೆ, ದೀಪ ಬಂತು, ರೀಡಿಂಗೂ ಬಂತು. ಬಾಕ್ಸೇ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಕಳಿಸಿದೆ. ಮೂರು ವಾರ ಕಳೆದ ಮೇಲೆ ‘ದೋಷವಿಲ್ಲ’ ಎಂಬ ಚೀಟಿ ಅಂಟಿಸಿಕೊಂಡು ಅದು ವಾಪಸ್ ಬಂತು. ತಪ್ಪು ಇದ್ದದ್ದು ಲ್ಯಾಪ್‌ಟಾಪಿನ ಒಂದು ಸೆಟ್ಟಿಂಗಿನಲ್ಲಿ. ಆ ಮೂರು ವಾರದ ಕೆಲಸ ನಿಮಗೂ ಹಾಳಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಡೇಟಾ ಅಕ್ವಿಸಿಷನ್ ಬಾಕ್ಸ್ ಮಾಡುವ ಕೆಲಸ ಸರಳ. ಸೆನ್ಸರ್ ಕೊಡುವ ವೋಲ್ಟೇಜನ್ನು ಅಂಕಿಯಾಗಿ ಬದಲಿಸಿ ಲ್ಯಾಪ್‌ಟಾಪಿಗೆ ದಾಟಿಸುತ್ತದೆ. ಆದರೆ ದಾರಿ ಉದ್ದ. ಸೆನ್ಸರ್, ಅದರ ವೈರ್, ಬಾಕ್ಸ್, ಯುಎಸ್‌ಬಿ ಕೇಬಲ್, ಪೋರ್ಟ್, ಡ್ರೈವರ್ (ಬಾಕ್ಸಿನ ಜೊತೆ ಮಾತಾಡಲು ಲ್ಯಾಪ್‌ಟಾಪಿಗೆ ಬೇಕಾದ ಸಾಫ್ಟ್‌ವೇರ್), ಕೊನೆಗೆ ಪ್ರೋಗ್ರಾಂ. ಎಲ್ಲಿ ಕೆಟ್ಟರೂ ಬೈಸಿಕೊಳ್ಳುವುದು ಮಾತ್ರ ನಡುವಿನ ಬಾಕ್ಸ್. ಹಾಗಾಗಿ ಏನನ್ನೂ ಬಿಚ್ಚುವ ಮೊದಲು ತೊಂದರೆ ಯಾವ ಜಾತಿಯದು ಅಂತ ನೋಡಿ. ಸಂಪರ್ಕವೇ ಕಡಿದುಹೋಗುತ್ತಿದೆಯಾ? ಸಂಪರ್ಕ ಇದ್ದೂ ಅಂಕಿ ತಪ್ಪಾಗಿದೆಯಾ? ಅಥವಾ ಅಂಕಿ ಸರಿ ಇದ್ದು ನಡುನಡುವೆ ಸ್ಯಾಂಪಲ್, ಅಂದರೆ ಒಂದೊಂದು ರೀಡಿಂಗ್, ಕಾಣೆಯಾಗುತ್ತಿವೆಯಾ? ಮೂರಕ್ಕೂ ಮದ್ದು ಬೇರೆ ಬೇರೆ. ಒಂದು ನೋಟ್‌ಬುಕ್ ಪಕ್ಕದಲ್ಲಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಸಮಯ ಹಾಕಿ ಬರೆದಿಡಿ. ಕೇಬಲ್, ಪೋರ್ಟ್, ಡ್ರೈವರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ.

ಮೊದಲು ಪೆನ್ಸಿಲ್ ಸೆಲ್ ಪರೀಕ್ಷೆ

ಸೆನ್ಸರಿನ ವೈರನ್ನು ಪೂರ್ತಿ ಬಿಚ್ಚಿಡಿ. ಒಂದು ಚಾನೆಲ್ಲಿನ (ಬಾಕ್ಸಿನಲ್ಲಿ ಒಂದು ಸೆನ್ಸರ್ ಸೇರಿಸುವ ಜಾಗ) ಪ್ಲಸ್, ಮೈನಸ್ ಮತ್ತು ಗ್ರೌಂಡ್ ಮೂರನ್ನೂ ಚಿಕ್ಕ ವೈರಿನಿಂದ ಒಂದಕ್ಕೊಂದು ಸೇರಿಸಿ. ಈಗ ಸೊನ್ನೆ ಬರಬೇಕು. 16 ಬಿಟ್‌ನ ಬಾಕ್ಸ್, ಮೈನಸ್ 10ರಿಂದ ಪ್ಲಸ್ 10 ವೋಲ್ಟ್ ರೇಂಜ್ ಅಂತಿಟ್ಟುಕೊಳ್ಳಿ. 20 ವೋಲ್ಟನ್ನು 65,536 ಪಾಲು ಮಾಡಿದರೆ ಒಂದು ಮೆಟ್ಟಿಲು ಸುಮಾರು 0.3 ಮಿಲಿವೋಲ್ಟ್. ಸೊನ್ನೆಯ ಆಚೀಚೆ ಕೆಲವೇ ಮೆಟ್ಟಿಲು ಅಲುಗಾಡಿದರೆ ಚಿಂತೆಯಿಲ್ಲ. ಹತ್ತಾರು ಮಿಲಿವೋಲ್ಟ್ ಕುಣಿಯುತ್ತಿದ್ದರೆ ಏನೋ ಇದೆ.

ಆಮೇಲೆ ಹೊಸ ಪೆನ್ಸಿಲ್ ಸೆಲ್ ಒಂದನ್ನು ತೆಗೆದುಕೊಳ್ಳಿ. ಎರಡು ತುದಿಗೂ ವೈರನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ, ಚಾನೆಲ್ಲಿಗೆ ಕೊಡಿ. ಮೈನಸ್ ತುದಿಯಿಂದ ಗ್ರೌಂಡ್‌ಗೂ ಒಂದು ವೈರ್ ಹೋಗಲಿ, ಇದನ್ನು ಮರೆಯಬೇಡಿ. ಅದೇ ಸೆಲ್ಲಿಗೆ ಮಲ್ಟಿಮೀಟರನ್ನೂ ಹಿಡಿಯಿರಿ. ಮೀಟರ್ 1.58 ತೋರಿಸುತ್ತಿರುವಾಗ ಪರದೆಯ ಮೇಲೂ 1.58ರ ಸುತ್ತಮುತ್ತ ಗೆರೆ ನೇರವಾಗಿ ಓಡಬೇಕು. ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂತಿರಿ. ಗೆರೆ ಅಲುಗದಿದ್ದರೆ ಬಾಕ್ಸ್, ಕೇಬಲ್, ಡ್ರೈವರ್ ಇಷ್ಟರ ಮೇಲಿನ ಅನುಮಾನ ಬಹುಪಾಲು ಕಳೆಯಿತು. ಹುಡುಕಾಟ ಸೆನ್ಸರಿನ ಕಡೆಗೆ ಹೋಗಬೇಕು. ಸೆಲ್ಲಿನ ಗೆರೆಯೂ ಕುಣಿದರೆ ತೊಂದರೆ ಬಾಕ್ಸಿನಿಂದ ಲ್ಯಾಪ್‌ಟಾಪಿನವರೆಗೆ ಎಲ್ಲೋ ಇದೆ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಹತ್ತು ನಿಮಿಷ ಇನ್ನೊಂದಿಲ್ಲ. ಆದರೂ ಜಾಸ್ತಿ ಜನ ಇದನ್ನು ಬಿಟ್ಟು ನೇರವಾಗಿ ಡ್ರೈವರ್ ತೆಗೆದು ಹಾಕಲು ಕೂರುತ್ತಾರೆ.

ಸಂಪರ್ಕ ಕಡಿಯುತ್ತಿದ್ದರೆ

ಬೇರೆ ಕೇಬಲ್ ಹಾಕಿ ನೋಡಿ. ಫೋನ್ ಚಾರ್ಜರ್ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಡೇಟಾದ ತಂತಿಯೇ ಇರುವುದಿಲ್ಲ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಬಾರದು. ಎಕ್ಸ್‌ಟೆನ್ಷನ್ ಸೇರಿಸಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟು, ಪ್ಲಗ್ಗಿನ ಹತ್ತಿರ ಕೇಬಲನ್ನು ಮೆಲ್ಲಗೆ ಅಲುಗಾಡಿಸಿ. ಪಟ್ಟಿ ಪಟ್ಟನೆ ಮಿನುಗಿ ಹೊಸದಾಗಿ ಮೂಡಿದರೆ ಅಲ್ಲೇ ಲೂಸ್ ಕಾಂಟ್ಯಾಕ್ಟ್. ಹಳೆಯ ಲ್ಯಾಪ್‌ಟಾಪಿನಲ್ಲಿ ದಿನವೂ ಕಿತ್ತು ಹಾಕಿದ ಒಂದು ಪೋರ್ಟ್ ಸಡಿಲವಾಗಿರುತ್ತದೆ. ಇನ್ನೊಂದು ಬದಿಯ ಪೋರ್ಟಿಗೆ ಹಾಕಿ ನೋಡಿ.

ಆಮೇಲೆ ವಿದ್ಯುತ್ತಿನ ಲೆಕ್ಕ. ಯುಎಸ್‌ಬಿ 2.0 ಪೋರ್ಟ್ 5 ವೋಲ್ಟಿನಲ್ಲಿ 500 ಮಿಲಿಆಂಪ್ ಕೊಡುತ್ತದೆ, 3.0 ಆದರೆ 900. ಸ್ವಂತ ಅಡಾಪ್ಟರ್ ಇಲ್ಲದ ಹಬ್‌ಗೆ ಬಾಕ್ಸ್, ಮೌಸ್, ಹಾರ್ಡ್ ಡಿಸ್ಕ್ ಎಲ್ಲವನ್ನೂ ಸಿಕ್ಕಿಸಿದರೆ ಅಷ್ಟರಲ್ಲೇ ಎಲ್ಲರೂ ಹಂಚಿಕೊಳ್ಳಬೇಕು. ಹಾರ್ಡ್ ಡಿಸ್ಕ್ ತಿರುಗಲು ಶುರುವಾದ ಕ್ಷಣಕ್ಕೆ ಬಾಕ್ಸ್ ಕಣ್ಣು ಮುಚ್ಚುತ್ತದೆ. ಬಾಕ್ಸನ್ನು ನೇರ ಲ್ಯಾಪ್‌ಟಾಪಿಗೆ ಹಾಕಿ, ಇಲ್ಲವೇ ಅಡಾಪ್ಟರ್ ಇರುವ ಹಬ್ ಬಳಸಿ.

ನನ್ನ ಮೂರು ವಾರ ತಿಂದ ಸೆಟ್ಟಿಂಗ್ ಇಲ್ಲಿದೆ. ಬ್ಯಾಟರಿ ಉಳಿಸಲು ವಿಂಡೋಸ್ ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ಮಲಗಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮಾತಾಡುವ ಬಾಕ್ಸ್ ಅದರ ಕಣ್ಣಿಗೆ ಸುಮ್ಮನಿರುವಂತೆಯೇ ಕಾಣುತ್ತದೆ. ಕೆಲವು ಬಾಕ್ಸುಗಳು ಹೀಗೆ ಮಲಗಿಸಿದ ಮೇಲೆ ಸರಿಯಾಗಿ ಏಳುವುದಿಲ್ಲ. ಇದನ್ನು ಎರಡು ಕಡೆ ನಿಲ್ಲಿಸಬೇಕು. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಅನ್ನು ‘ಡಿಸೇಬಲ್ಡ್’ ಮಾಡಿ. ಬ್ಯಾಟರಿಗೂ ಚಾರ್ಜರಿಗೂ ಪ್ರತ್ಯೇಕ ಸಾಲು ಇರುತ್ತದೆ, ಎರಡನ್ನೂ ಬದಲಿಸಿ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ‘ಯುಎಸ್‌ಬಿ ರೂಟ್ ಹಬ್’ ಎಂದಿರುವ ಪ್ರತಿಯೊಂದನ್ನೂ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ, ವಿದ್ಯುತ್ ಉಳಿಸಲು ಸಾಧನವನ್ನು ಆರಿಸಬಹುದು ಎಂಬ ಸಾಲಿನ ಟಿಕ್ ತೆಗೆಯಿರಿ. ಸ್ಲೀಪ್ ‘ನೆವರ್’ ಇರಲಿ. ಮುಚ್ಚಳ ಮುಚ್ಚಿದರೆ ‘ಡೂ ನಥಿಂಗ್’ ಇರಲಿ.

ಇನ್ನೊಂದು ಮಾತು. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ಸಿಸ್ಟಂ ಪೂರ್ತಿ ಹೊಸದಾಗಿ ಏಳುವುದಿಲ್ಲ. ಸಿಕ್ಕಿಕೊಂಡ ಡ್ರೈವರ್ ಬಿಡಿಸಬೇಕಾದರೆ ‘ರೀಸ್ಟಾರ್ಟ್’ ಕೊಡಿ. ಸೀರಿಯಲ್ ಪೋರ್ಟಿನಂತೆ ಕಾಣುವ ಬಾಕ್ಸ್ ಆಗಿದ್ದರೆ, ಬೇರೆ ಪೋರ್ಟಿಗೆ ಹಾಕಿದಾಗ ವಿಂಡೋಸ್ ಅದಕ್ಕೆ ಕೊಡುವ ಕಾಮ್ (COM) ನಂಬರ್ ಬದಲಾಗಬಹುದು. ಪ್ರೋಗ್ರಾಂ ಹಳೆಯ ನಂಬರಿಗೇ ಕಾಯುತ್ತಾ ಕೂತಿದೆಯಾ ನೋಡಿ.

ಅಂಕಿ ಕುಣಿಯುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ

ಇದು ಲ್ಯಾಪ್‌ಟಾಪಿಗೇ ಅಂಟಿಕೊಂಡ ಕಾಯಿಲೆ. ಡೆಸ್ಕ್‌ಟಾಪಿನ ಕ್ಯಾಬಿನೆಟ್ ಮೂರು ಪಿನ್ನಿನ ಪ್ಲಗ್ ಮೂಲಕ ಅರ್ಥ್ ಆಗಿರುತ್ತದೆ. ಎರಡು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರಿಗೆ ಅರ್ಥ್ ಇಲ್ಲ. ಚಾರ್ಜರಿನ ಒಳಗೆ ಕರೆಂಟಿನ ಕಡೆಗೂ ಲ್ಯಾಪ್‌ಟಾಪಿನ ಕಡೆಗೂ ನಡುವೆ ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಸಣ್ಣ ಸೋರಿಕೆ ಯಾವಾಗಲೂ ಹರಿಯುತ್ತದೆ. ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಬೆರಳ ಹಿಂಬದಿಯಿಂದ ಸವರಿದಾಗ ಜುಮ್ ಅನ್ನುತ್ತದಲ್ವಾ, ಅದೇ ಸೋರಿಕೆ. ಆ ಕರೆಂಟು ಯುಎಸ್‌ಬಿ ಗ್ರೌಂಡ್ ಹಿಡಿದು ಬಾಕ್ಸಿಗೆ ಬಂದು, ಸೆನ್ಸರ್ ವೈರಿನ ಮೂಲಕ ಭೂಮಿಗೆ ಇಳಿಯಲು ನೋಡುತ್ತದೆ. ತಾಪಮಾನ ಅಳೆಯುವ ಕೆ ಟೈಪ್ ಥರ್ಮೋಕಪಲ್ ಸೆನ್ಸರ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ. ಅಷ್ಟು ಸಣ್ಣ ದನಿ ಈ ಗದ್ದಲದಲ್ಲಿ ಕೇಳಿಸುವುದಾದರೂ ಹೇಗೆ?

ಪರೀಕ್ಷೆ ಸುಲಭ. ರೀಡಿಂಗ್ ಓಡುತ್ತಿರುವಾಗಲೇ ಚಾರ್ಜರ್ ಕಿತ್ತುಬಿಡಿ. ಗೆರೆ ತಟ್ಟನೆ ತೆಳ್ಳಗಾದರೆ ಕಳ್ಳ ಸಿಕ್ಕಿದ. ಚಿಕ್ಕ ಪ್ರಯೋಗವಾದರೆ ಬ್ಯಾಟರಿಯ ಮೇಲೇ ಮುಗಿಸಿ. ದೊಡ್ಡದಾದರೆ ಅರ್ಥ್ ಪಿನ್ ಇರುವ ಚಾರ್ಜರ್, ಇಲ್ಲವೇ ಬಾಕ್ಸ್ ಮತ್ತು ಲ್ಯಾಪ್‌ಟಾಪಿನ ನಡುವೆ ಯುಎಸ್‌ಬಿ ಐಸೊಲೇಟರ್ (ಡೇಟಾ ದಾಟಿಸಿ ಎರಡರ ಗ್ರೌಂಡನ್ನು ಬೇರ್ಪಡಿಸುವ ಸಾಧನ) ಹಾಕಿ. ಐಸೊಲೇಟರ್ ನಿಮ್ಮ ಬಾಕ್ಸಿನ ವೇಗಕ್ಕೆ ಹೊಂದುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಕೆಲವು ಸೆಕೆಂಡಿಗೆ 12 ಮೆಗಾಬಿಟ್‌ಗೇ ನಿಲ್ಲುತ್ತವೆ. ಗ್ರೌಂಡ್ ಲೂಪ್ (ಎರಡು ಕಡೆ ಅರ್ಥ್ ಆಗಿ ವೈರಿನಲ್ಲಿ ಸುತ್ತುವ ಕರೆಂಟು) ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ, ಆ ಪಿನ್ ಇರುವುದು ನಿಮ್ಮ ಜೀವ ಕಾಯಲು.

ಕೆಲವೊಮ್ಮೆ ಉಲ್ಟಾ ಆಗುತ್ತದೆ. ಚಾರ್ಜರ್ ಕಿತ್ತ ಮೇಲೆ ಗೆರೆ ಮೆಲ್ಲಗೆ ಜಾರುತ್ತಾ ರೇಂಜಿನ ತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ಸೆನ್ಸರ್ ಎಲ್ಲಿಗೂ ಗ್ರೌಂಡ್ ಆಗದೆ ತೇಲುತ್ತಿದೆ ಅಂತ ಅರ್ಥ. ಡಿಫರೆನ್ಷಿಯಲ್ ಆಗಿ, ಅಂದರೆ ಪ್ಲಸ್ ಮೈನಸ್ ನಡುವಿನ ವ್ಯತ್ಯಾಸ ಅಳೆಯುವಂತೆ, ಜೋಡಿಸಿದ್ದರೆ ಮೈನಸ್ ತುದಿಯಿಂದ ಬಾಕ್ಸಿನ ಗ್ರೌಂಡ್‌ಗೆ 10 ಕಿಲೋಓಮ್‌ನಿಂದ 100 ಕಿಲೋಓಮ್ ನಡುವಿನ ಒಂದು ರೆಸಿಸ್ಟರ್ ಹಾಕಿ. ಥರ್ಮೋಕಪಲ್‌ನಲ್ಲಿ ಇದೊಂದೇ ರೆಸಿಸ್ಟರ್ ಎಷ್ಟೋ ಸಲ ಎಲ್ಲವನ್ನೂ ಸರಿ ಮಾಡುತ್ತದೆ.

ಉಳಿದ ಗದ್ದಲಕ್ಕೆ ಸರಾಸರಿ ತೆಗೆಯಿರಿ. ಆದರೆ ಎಷ್ಟು ಹೊತ್ತಿನ ಸರಾಸರಿ ಅನ್ನುವುದು ಮುಖ್ಯ. ಮನೆಯ ಕರೆಂಟಿನಿಂದ ಬರುವ ಗದ್ದಲ 50 ಅಥವಾ 60 ಹರ್ಟ್ಸ್‌ನದು. ಸರಿಯಾಗಿ 100 ಮಿಲಿಸೆಕೆಂಡ್ ತೆಗೆದರೆ 50 ಹರ್ಟ್ಸ್‌ನ ಐದು ಸುತ್ತು, 60 ಹರ್ಟ್ಸ್‌ನ ಆರು ಸುತ್ತು ಪೂರ್ತಿಯಾಗಿ ಕೂರುತ್ತವೆ. ಪ್ಲಸ್ಸು ಮೈನಸ್ಸು ಕಳೆದು ಎರಡೂ ಮಾಯವಾಗುತ್ತವೆ.

ಒಂದನೇ ಚಾನೆಲ್ಲಿನ ನೆರಳು ಎರಡನೆಯದರಲ್ಲಿ ಕಂಡರೆ ಗಾಬರಿ ಬೇಡ. ಕಡಿಮೆ ಬೆಲೆಯ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ವೋಲ್ಟೇಜನ್ನು ಅಂಕಿ ಮಾಡುವ ಒಂದೇ ಕನ್ವರ್ಟರ್ ಎಲ್ಲ ಚಾನೆಲ್ಲಿಗೂ ಸರದಿಯಂತೆ ಹೋಗುತ್ತದೆ. ಸೆನ್ಸರಿನ ರೆಸಿಸ್ಟೆನ್ಸ್ ಜಾಸ್ತಿ ಇದ್ದರೆ ಹಿಂದಿನ ಚಾನೆಲ್ಲಿನ ಚಾರ್ಜ್ ಇಳಿಯುವ ಮೊದಲೇ ಮುಂದಿನ ರೀಡಿಂಗ್ ಆಗಿಹೋಗುತ್ತದೆ. ವೇಗ ಇಳಿಸಿ, ಬಳಸದ ಚಾನೆಲ್‌ಗಳನ್ನು ಗ್ರೌಂಡ್ ಮಾಡಿ.

ಸ್ಯಾಂಪಲ್ ಕಾಣೆಯಾಗುತ್ತಿದ್ದರೆ

ಮೊದಲು ಎಣಿಸಿ. ಪ್ರತಿ ಚಾನೆಲ್ಲಿಗೆ ಸೆಕೆಂಡಿಗೆ 10,000 ಸ್ಯಾಂಪಲ್ ಅಂತ ಕೇಳಿದ್ದರೆ ಒಂದು ನಿಮಿಷದ ಫೈಲಿನಲ್ಲಿ 6,00,000 ಸಾಲು ಇರಬೇಕು. ಇಲ್ಲದಿದ್ದರೆ ಹೀಗೆ ಯೋಚಿಸಿ. ಎಂಟು ಚಾನೆಲ್ ಅಂದರೆ ಸೆಕೆಂಡಿಗೆ 80,000 ಸ್ಯಾಂಪಲ್. ಬಾಕ್ಸಿನ ಒಳಗಿನ ಮೆಮೊರಿ 4,096 ಸ್ಯಾಂಪಲ್ ಹಿಡಿಯುವುದಾದರೆ ಅದು ತುಂಬಲು ಬೇಕಾಗುವುದು 51 ಮಿಲಿಸೆಕೆಂಡ್ ಮಾತ್ರ. ಅಷ್ಟು ಹೊತ್ತು ಲ್ಯಾಪ್‌ಟಾಪ್ ಬೇರೆ ಕಡೆ ತಿರುಗಿದರೆ ಸಾಕು, ಸ್ಯಾಂಪಲ್ ಚೆಲ್ಲಿಹೋಗುತ್ತವೆ. ಯುಎಸ್‌ಬಿಯ ವೇಗ ಇಲ್ಲಿ ಅಡ್ಡಿಯೇ ಅಲ್ಲ. ಹೊತ್ತಿಗೆ ಸರಿಯಾಗಿ ಬಂದು ತೆಗೆದುಕೊಂಡು ಹೋಗುವವರು ಇಲ್ಲದ್ದೇ ತೊಂದರೆ.

ವೈ-ಫೈ ಆರಿಸಿ ಮತ್ತೆ ಎಣಿಸಿ. ಅದರ ಡ್ರೈವರ್ ಕೆಲವು ಲ್ಯಾಪ್‌ಟಾಪುಗಳಲ್ಲಿ ಇಡೀ ಸಿಸ್ಟಮ್ಮನ್ನು ಆಗಾಗ ಹಿಡಿದು ನಿಲ್ಲಿಸುತ್ತದೆ. ನೆಟ್ ಇಲ್ಲದಿದ್ದಾಗ ನಡುರಾತ್ರಿ ಹೊಸ ಅಪ್‌ಡೇಟ್ ಇಳಿಯುವ ಕಾಟವೂ ತಪ್ಪುತ್ತದೆ. ಡೇಟಾ ಫೋಲ್ಡರನ್ನು ಆಂಟಿವೈರಸ್‌ನ ಸ್ಕ್ಯಾನಿನಿಂದ ಹೊರಗಿಡಿ. ನೀವೇ ಬರೆದ ಪ್ರೋಗ್ರಾಂ ಆದರೆ, ಒಂದೊಂದೇ ಸ್ಯಾಂಪಲ್ ಕೇಳದೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟನ್ನು ಗುಂಪಾಗಿ ಓದಿ. ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಇಟ್ಟ ಬಫರ್ (ಡೇಟಾ ತಾತ್ಕಾಲಿಕವಾಗಿ ನಿಲ್ಲುವ ಮೆಮೊರಿ) ಹಲವು ಸೆಕೆಂಡಿನಷ್ಟು ದೊಡ್ಡದಿರಲಿ. ಮೊದಲು ಡಿಸ್ಕಿಗೆ ಬರೆಯಿರಿ, ಗ್ರಾಫ್ ಆಮೇಲೆ. ಅಂದದ ಗ್ರಾಫಿಗಾಗಿ ಡೇಟಾ ಕಳೆದುಕೊಂಡ ಪ್ರೋಗ್ರಾಂಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇಷ್ಟೆಲ್ಲ ಮಾಡಿಯೂ ತೊಂದರೆ ಉಳಿದರೆ ಅದೇ ಬಾಕ್ಸು, ಅದೇ ಕೇಬಲ್ಲು, ಅದೇ ಪೆನ್ಸಿಲ್ ಸೆಲ್ಲನ್ನು ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿ. ಅಲ್ಲೂ ಹಾಗೇ ಆದರೆ ಈಗ ರಿಪೇರಿಗೆ ಕಳಿಸಿ. ಜೊತೆಗೆ ನೋಟ್‌ಬುಕ್ಕಿನ ಪುಟಗಳ ಪ್ರತಿ ಇಡಿ. ಸೆಲ್ಲಿಗೆ ಮೀಟರ್ ಎಷ್ಟು ತೋರಿಸಿತು, ಬಾಕ್ಸ್ ಎಷ್ಟು ತೋರಿಸಿತು, ಎಷ್ಟು ನಿಮಿಷಕ್ಕೆ ಸಂಪರ್ಕ ಕಡಿಯಿತು, ಯಾವ ಎರಡು ಲ್ಯಾಪ್‌ಟಾಪಿನಲ್ಲಿ ನೋಡಿದಿರಿ ಎಂಬ ನಾಲ್ಕು ಸಾಲು ಎಲ್ಲಕ್ಕಿಂತ ಮೇಲಿರಲಿ.