ಕಾವೇರಿದ ಆನ್‌ಲೈನ್ ಚರ್ಚೆಯಲ್ಲಿ ಮಾತು ಕೆಡದಂತೆ ಉತ್ತರಿಸುವುದು ಹೇಗೆ?

ವಯಸ್ಸಾದ ಅಪ್ಪ ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸುವುದು ತಪ್ಪಾ? ಆನ್‌ಲೈನ್‌ನಲ್ಲಿ ಯಾರಾದರೂ ಹೀಗೆ ಕೇಳಿದರೆ ಸಾಕು, ಸ್ವಲ್ಪ ಹೊತ್ತಿಗೇ ವಿಷಯ ಮೂಲೆ ಸೇರಿ, ಒಬ್ಬರು ಇನ್ನೊಬ್ಬರ ಸಂಸ್ಕಾರ ಜಾಲಾಡುತ್ತಿರುತ್ತಾರೆ. ಎದುರು ಬದುರು ಕೂತಿದ್ದರೆ ಇವರೇ ಇಷ್ಟು ಒರಟಾಗಿ ಮಾತಾಡುತ್ತಿರಲಿಲ್ಲ. ಇದರ ಕಾರಣಗಳನ್ನು ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲೇ ಬಿಡಿಸಿ ಹೇಳಿದ್ದರು. ನಾವು ಯಾರೆಂದು ಎದುರಿನವರಿಗೆ ಗೊತ್ತಿರುವುದಿಲ್ಲ. ಅವರ ಮುಖ ನಮಗೆ ಕಾಣುವುದಿಲ್ಲ. ಆಡಿದ ಮಾತು ಅವರಿಗೆ ಹೇಗೆ ತಾಕಿತು ಎಂದು ಆ ಕ್ಷಣದಲ್ಲಿ ನೋಡಬೇಕಾಗಿಯೂ ಇಲ್ಲ.

ಹಾಗಾಗಿ ಬರೆಯುವ ಮೊದಲು ನಿಮ್ಮ ಮನಸ್ಸು ಹೇಗಿದೆ ನೋಡಿಕೊಳ್ಳಿ. ಜಗಳಗಂಟರು ಮಾತ್ರ ಜಗಳ ಆಡುತ್ತಾರೆ ಅಂದುಕೊಳ್ಳುತ್ತೇವೆ, ಅಲ್ವಾ? ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡದ್ದೇ ಬೇರೆ. ಮೂಡ್ ಚೆನ್ನಾಗಿದ್ದು, ಒಳ್ಳೆಯ ಕಾಮೆಂಟುಗಳನ್ನೇ ಓದಿದವರು ಬರೆದದ್ದರಲ್ಲಿ ಶೇ 35ರಷ್ಟು ಕೆಣಕುವಂತಿತ್ತು. ಮೂಡ್ ಕೆಟ್ಟು, ಜೊತೆಗೆ ಕೆಟ್ಟ ಕಾಮೆಂಟುಗಳೂ ಕಣ್ಣಿಗೆ ಬಿದ್ದಾಗ ಅದು ಶೇ 68ಕ್ಕೆ ಏರಿತು. ನಿದ್ದೆಗೆಟ್ಟಾಗ, ಬೇರೆಲ್ಲೋ ಬೈಸಿಕೊಂಡು ಬಂದಾಗ ಉತ್ತರ ಬರೆಯಲು ಕೂರಬೇಡಿ.

ಮನಸ್ಸು ತಣ್ಣಗಾದ ಮೇಲೆ ಎದುರಿನವರು ಬರೆದದ್ದನ್ನು ಪೂರ್ತಿ ಓದಿ. ಆಮೇಲೆ ನಿಮ್ಮ ಉತ್ತರವನ್ನು ನೋಟ್ಸ್‌ನಲ್ಲೋ ಹಾಳೆಯಲ್ಲೋ ಬರೆದಿಡಿ. ಈಗ ಮುಖ್ಯ ಕೆಲಸ ಶುರು. ಹೆತ್ತವರನ್ನು ವೃದ್ಧಾಶ್ರಮಕ್ಕೆ ಸೇರಿಸಿದ್ದೇನೆ ಎಂದವರಿಗೆ ಉತ್ತರವಾಗಿ ಮೊದಲು ಕೈಗೆ ಬಂದ ಸಾಲು ಹೀಗಿದೆ ಅನ್ನಿ: ‘ನಿಮ್ಮಂಥವರಿಗೆ ಹೆತ್ತವರ ಬೆಲೆ ಎಲ್ಲಿ ಗೊತ್ತಾಗುತ್ತೆ?’ ಇದರಲ್ಲಿ ‘ನಿಮ್ಮಂಥವರು’ ಅನ್ನುವುದು ಬರೀ ಏಟು. ತೆಗೆದುಬಿಡಿ. ಪ್ರಶ್ನೆಯೂ ಉತ್ತರ ಬೇಡುವ ಪ್ರಶ್ನೆಯಲ್ಲ, ಅದನ್ನೂ ತೆಗೆಯಿರಿ. ಆಗ ಉಳಿಯುವುದು ನಿಮ್ಮ ನಿಜವಾದ ಆತಂಕ: ‘ಆಶ್ರಮದಲ್ಲಿ ಅವರಿಗೆ ಒಂಟಿತನ ಕಾಡುತ್ತೆ ಅಂತ ನನಗೆ ಭಯ. ನೀವು ಅದನ್ನು ಹೇಗೆ ನಿಭಾಯಿಸಿದಿರಿ?’ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲ. ಆದರೆ ಈ ಪ್ರಶ್ನೆಗೆ ಎದುರಿನವರು ಉತ್ತರ ಕೊಡಬಹುದು. ಬಹುಶಃ ಅವರು ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡು, ಕೈಲಾಗದೆ ಆ ನಿರ್ಧಾರಕ್ಕೆ ಬಂದಿರುತ್ತಾರೆ.

ವ್ಯಂಗ್ಯ ಬೇಡವೇ ಬೇಡ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮ ವ್ಯಂಗ್ಯ ಓದುವವರಿಗೆ ಶೇ 78ರಷ್ಟು ಸಲ ಗೊತ್ತಾಗುತ್ತದೆ ಎಂದು ಇಮೇಲ್ ಬರೆದವರು ನಂಬಿದ್ದರು. ಅದು ವ್ಯಂಗ್ಯವೋ ಗಂಭೀರವಾದ ಮಾತೋ ಎಂದು ಓದಿದವರು ಸರಿಯಾಗಿ ಗುರುತಿಸಿದ್ದು ಶೇ 56ರಷ್ಟು ಸಲ ಮಾತ್ರ. ನಾಣ್ಯ ಚಿಮ್ಮಿ ಊಹಿಸಿದರೂ ಶೇ 50 ಸಿಗುತ್ತಿತ್ತು! ಬರೆಯುವಾಗ ನಮ್ಮ ದನಿ ನಮಗೆ ಕೇಳಿಸುತ್ತಿರುತ್ತದೆ, ಓದುವವರಿಗೆ ಬರೀ ಅಕ್ಷರ ಸಿಗುತ್ತದೆ.

ಎದುರಿನವರ ಮಾತಲ್ಲಿ ಒಪ್ಪುವಂಥದ್ದು ಇದ್ದರೆ ಅದನ್ನೇ ಮೊದಲು ಹೇಳಿ. ಇಲ್ಲದಿದ್ದರೆ ಸುಮ್ನೆ ಹೊಗಳಬೇಡಿ, ನಾಟಕ ಬೇಗ ಗೊತ್ತಾಗುತ್ತದೆ.

ಸಭ್ಯವಾಗಿರುವುದು ಅಂದರೆ ಬೈಗುಳ ಸಹಿಸಿಕೊಂಡು ಕೂರುವುದಲ್ಲ. ನಿಮ್ಮ ಮನೆಯವರನ್ನು ಎಳೆದು ತಂದರೆ, ಬೆದರಿಸಿದರೆ ಉತ್ತರ ಕೊಡಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ. ಬೈಗುಳ ಇಲ್ಲದೆಯೂ ಅದೇ ಮಾತು ಮತ್ತೆ ಮತ್ತೆ ಬರುತ್ತಿದ್ದರೆ ಹೊರಡುವ ಹೊತ್ತಾಯಿತು ಅಂತಲೇ ಅರ್ಥ. ‘ನನ್ನ ಮಾತು ಹೇಳಿ ಆಯಿತು, ನಿಮ್ಮದು ಓದಿದೆ, ಇಲ್ಲಿಗೆ ನಿಲ್ಲಿಸುತ್ತೇನೆ’ ಎಂದು ಬರೆದು ಆ ಚರ್ಚೆಯ ನೋಟಿಫಿಕೇಶನ್ ಆಫ್ ಮಾಡಿ. ಆಮೇಲೆ ಯಾರು ಏನು ಬರೆದರು ಎಂದು ಇಣುಕಲು ಹೋಗಬೇಡಿ.