ನಿದ್ದೆಯಿಂದ ಎಬ್ಬಿಸುತ್ತಾ?

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿ ಡ್ಯೂಟಿ ಅಂದರೆ ಮೂರೂಕಾಲು ಗಂಟೆ. ಪ್ರಶ್ನೆಪತ್ರಿಕೆ ಓದೋಕೆ 15 ನಿಮಿಷ, ಬರೆಯೋಕೆ ಮೂರು ಗಂಟೆ. ಅಷ್ಟು ಹೊತ್ತು ಕೊಠಡಿ ಬಿಟ್ಟು ಕದಲುವ ಹಾಗಿಲ್ಲ. ನಾನು ಹಿಂದಿನ ರಾತ್ರಿಯೇ ಊಟ ಬಿಡುತ್ತಿದ್ದೆ. ಬೆಳಿಗ್ಗೆ ನೀರೂ ಇಲ್ಲ. ಭೇದಿ ನಿಲ್ಲಿಸುವ ಮಾತ್ರೆ ಒಂದಲ್ಲ, ಎರಡು ನುಂಗಿ ಹೋಗುತ್ತಿದ್ದೆ. ಆದರೂ ಹನ್ನೊಂದೂವರೆ ಹೊತ್ತಿಗೆ ಬಲಗಡೆ ಕೆಳಹೊಟ್ಟೆಯಲ್ಲಿ ಹಗ್ಗ ಹೊಸೆದ ಹಾಗೆ ಶುರುವಾಗುತ್ತಿತ್ತು. ಕಿಟಕಿ ಸರಳು ಹಿಡಿದು ಅಲ್ಲಾಡದೆ ನಿಂತುಬಿಡುತ್ತಿದ್ದೆ. ಈ ಮಿಸ್ ತುಂಬಾ ಸ್ಟ್ರಿಕ್ಟು, ದುರುಗುಟ್ಟಿ ನೋಡ್ತಾರೆ ಅಂತ ಮಕ್ಕಳು ಹೆದರಿಕೊಂಡಿದ್ದರು.

ನಾನು ತಿಪಟೂರು ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಜೀರ್ಣಾಂಗಗಳ ಚಿತ್ರವನ್ನು ಬೋರ್ಡಿನ ಮೇಲೆ ಪುಸ್ತಕ ನೋಡದೆ ಬರೆಯುತ್ತೇನೆ. ನನ್ನದೇ ಹೊಟ್ಟೆಯೊಳಗೆ ಏನಾಗಿದೆ ಅಂತ ಗೊತ್ತಾಗೋಕೆ ಮಾತ್ರ ನಾಲ್ಕು ವರ್ಷ ಹಿಡಿಯಿತು.

ಮೊದಲ ವರ್ಷ ಮನೆಮದ್ದಿನಲ್ಲೇ ಕಳೆಯಿತು. "ಉಷ್ಣ ಆಗೈತೆ ಕಣವ್ವ" ಅಂತ ನಮ್ಮತ್ತೆ ದಾಳಿಂಬೆ ಸಿಪ್ಪೆ ಕಷಾಯ ಕಾಯಿಸಿ ಕೊಟ್ಟರು. ಮೆಂತ್ಯ ಹಾಕಿದ ಮಜ್ಜಿಗೆ, ಜೀರಿಗೆ ನೀರು, ದೃಷ್ಟಿ ತೆಗೆಯೋದು, ಎಲ್ಲ ಆಯಿತು. ಆಮೇಲೆ ಡಾಕ್ಟರುಗಳ ಸರದಿ. ಒಬ್ಬರು ಜಂತುಹುಳದ ಮಾತ್ರೆ ಕೊಟ್ಟರು. ಇನ್ನೊಬ್ಬರು ಆಮಶಂಕೆ ಅಂದರು. ಮೂರನೆಯವರು ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ಬರೆದುಕೊಟ್ಟು, "ಟೆನ್ಷನ್ ಕಡಿಮೆ ಮಾಡ್ಕೊಳಿ ಮೇಡಂ" ಅಂದರು. ಆ ಗ್ಯಾಸ್ ಮಾತ್ರೆಯನ್ನು ಎರಡು ವರ್ಷ ನುಂಗಿದೆ.

ಅವರದ್ದೇ ಪೂರ್ತಿ ತಪ್ಪು ಅಂತ ಈಗ ನಾನು ಹೇಳಲ್ಲ. ಡಾಕ್ಟರ ಮುಂದೆ ಕೂತಾಗ ನನ್ನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಹೊಟ್ಟೆ ಸರಿ ಇಲ್ಲ ಡಾಕ್ಟ್ರೇ." ನಮ್ಮ ಕಡೆ ಎದೆಯಿಂದ ಹೊಕ್ಕುಳ ಕೆಳಗಿನ ತನಕ ಏನೇ ಆದರೂ ಅದು ಗ್ಯಾಸ್ಟ್ರಿಕ್ಕು. ಪಕ್ಕದಲ್ಲಿ ಇನ್ನೂ ನಾಲ್ಕು ಜನ ಟೋಕನ್ ಹಿಡಿದು ನಿಂತಿರುತ್ತಾರೆ. ಅದರಲ್ಲಿ ಒಬ್ಬರು ನಮ್ಮ ಸ್ಕೂಲಿನ ಹುಡುಗನ ಅಪ್ಪ. ಅವರ ಎದುರಿಗೆ ಎಷ್ಟು ಸಲ ಎರಡಕ್ಕೆ ಹೋಗ್ತೀನಿ, ಹೇಗಿರುತ್ತೆ ಅಂತ ಯಾವ ಬಾಯಲ್ಲಿ ಹೇಳೋದು?

ರಾತ್ರಿಯ ವಿಷಯವನ್ನಂತೂ ಯಾರಿಗೂ ಹೇಳಿರಲಿಲ್ಲ. ನಮ್ಮನೆಯಲ್ಲಿ ಕಕ್ಕಸು ಇರೋದು ಹಿತ್ತಲಲ್ಲಿ. ರಾತ್ರಿ ಎರಡೂವರೆ ಆಸುಪಾಸು ಎಚ್ಚರವಾಗುತ್ತಿತ್ತು. ಟಾರ್ಚ್ ಹಿಡಿದು ಓಡಬೇಕು. ಪಕ್ಕದ ಮನೆ ನಾಯಿ ಮೊದಮೊದಲು ಊರು ಎದ್ದೇಳುವ ಹಾಗೆ ಬೊಗಳುತ್ತಿತ್ತು. ಬರುಬರುತ್ತಾ ಒಂದು ಕಣ್ಣು ತೆರೆದು ನೋಡಿ ಮತ್ತೆ ಮಲಗೋಕೆ ಶುರುಮಾಡಿತು.

ನಾಲ್ಕನೇ ವರ್ಷ 58 ಕೆಜಿ ಇದ್ದವಳು 49ಕ್ಕೆ ಇಳಿದೆ. ರವಿಕೆಗಳನ್ನೆಲ್ಲ ಎರಡು ಸಲ ಹಿಡಿಸಬೇಕಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಆಗ ನಮ್ಮನೆಯವರು ಬೆಂಗಳೂರಿನಲ್ಲಿ ಕರುಳಿನ ಡಾಕ್ಟರನ್ನು ನೋಡೋಣ ಅಂತ ಹಟ ಹಿಡಿದರು. ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಮೂರು ವಾರದ ನಂತರಕ್ಕೆ. ಆ ಮೂರು ವಾರದಲ್ಲಿ ಒಂದು ಕೆಲಸ ಮಾಡಿದೆ. ಮಕ್ಕಳಿಗೆ ದಿನಾ "ನೋಡಿದ್ದನ್ನು ಬರೆದಿಡಿ" ಅಂತೀನಲ್ಲ, ಅದನ್ನೇ ನಾನೂ ಮಾಡಿದೆ. ಹಳೆಯ ಪಾಠ ಟಿಪ್ಪಣಿ ಪುಸ್ತಕದಲ್ಲಿ ಗೆರೆ ಎಳೆದು ಬರೆಯೋಕೆ ಶುರುಮಾಡಿದೆ. ಅದರ ಒಂದು ಪುಟ ಹೀಗಿದೆ:

"ಮಂಗಳವಾರ. ಬೆಳಿಗ್ಗೆ 5.10, 6.00, 7.20. ಶಾಲೆಯಲ್ಲಿ 11.15. ರಾತ್ರಿ 2.30. ನಂಬರ್ 6. ರಕ್ತ ಇಲ್ಲ. ನೋವು ಬಲಗಡೆ ಕೆಳಗೆ, ಊಟವಾದ ಮುಕ್ಕಾಲು ಗಂಟೆಗೆ. ಮಧ್ಯಾಹ್ನ ಮುದ್ದೆ, ಹುರುಳಿ ಸಾರು. ಮಾತ್ರೆ: ಮಂಡಿ ನೋವಿಗೆ ಒಂದು. ಸಂಜೆ ಜ್ವರ 99.8."

ನಂಬರ್ 6 ಅಂದರೆ ಬ್ರಿಸ್ಟಲ್ ಚಾರ್ಟಿನದು. ಮಲ ಹೇಗಿದೆ ಅನ್ನೋದನ್ನು ಏಳು ಚಿತ್ರಗಳಲ್ಲಿ ತೋರಿಸುವ ಪಟ್ಟಿ ಅದು. ಒಂದು ಅಂದರೆ ಮೇಕೆ ಹಿಕ್ಕೆ ಹಾಗೆ ಗಟ್ಟಿ, ಏಳು ಅಂದರೆ ಬರೀ ನೀರು. ಮೂರು, ನಾಲ್ಕು ಇದ್ದರೆ ಆರಾಮ. ನನ್ನಂಥ ಸಂಕೋಚದವರಿಗೆ ಅದೊಂದು ವರ ಅನ್ನಿ. ಬಾಯಿಬಿಟ್ಟು ವರ್ಣಿಸೋ ಕಷ್ಟವಿಲ್ಲ, ಸುಮ್ನೆ "ಆರು" ಅಂದರೆ ಸಾಕು.

ಬೆಂಗಳೂರಿಗೆ ಬಸ್ಸಲ್ಲ, ರೈಲು. ಬಸ್ಸು ಕೆ.ಬಿ. ಕ್ರಾಸ್ ದಾಟಿದ ಮೇಲೆ ಎಲ್ಲಿ ನಿಲ್ಲಿಸುತ್ತೋ ಕಂಡಕ್ಟರಿಗೇ ಗೊತ್ತು. ರೈಲಿನಲ್ಲಿ ಕಕ್ಕಸಿನ ಪಕ್ಕದ ಸೀಟು ಹಿಡಿದರೆ ಯಶವಂತಪುರದ ತನಕ ಜೀವ ನೆಮ್ಮದಿಯಾಗಿರುತ್ತೆ.

ಡಾಕ್ಟರು ಪುಸ್ತಕ ತಿರುವಿದರು. ಮೂರನೇ ಪುಟದಲ್ಲಿ ಬೆರಳು ನಿಂತಿತು.

"ಮೇಡಂ, ಇದು ನಿಮ್ಮನ್ನ ನಿದ್ದೆಯಿಂದ ಎಬ್ಬಿಸುತ್ತಾ?"

"ಎಬ್ಬಿಸುತ್ತೆ ಸರ್. ವಾರಕ್ಕೆ ನಾಲ್ಕು ದಿನ."

"ಎಷ್ಟು ದಿನದಿಂದ?"

"ಮೂರು ವರ್ಷ ಆಗಿರಬೇಕು."

ಅವರು ಪೆನ್ನು ಕೆಳಗಿಟ್ಟರು. ಐಬಿಎಸ್ ಅಂತ ಒಂದಿದೆ, ಹೊಟ್ಟೆ ಕೆಡೋದು ಅಂದರೆ ಬಹಳ ಜನಕ್ಕೆ ಅದೇ ಆಗಿರುತ್ತೆ ಅಂದರು. ಅದರಲ್ಲಿ ಕರುಳಿನೊಳಗೆ ಹುಣ್ಣು ಗಾಯ ಏನೂ ಇರಲ್ಲ, ಅದರ ಚಲನೆ ಮತ್ತು ಸಂವೇದನೆ ಎಡವಟ್ಟಾಗಿರುತ್ತೆ. ನೋವು ನಿಜವೇ. ಆದರೆ ಸಾಮಾನ್ಯವಾಗಿ ಅದು ಮನುಷ್ಯ ಮಲಗಿದರೆ ತಾನೂ ಮಲಗುತ್ತೆ. ತೂಕ ಇಳಿಸಲ್ಲ, ರಕ್ತ ಕಡಿಮೆ ಮಾಡಲ್ಲ, ಜ್ವರ ತರಲ್ಲ. ನನಗೆ ಇವಿಷ್ಟೂ ಇದ್ದವು. ನಾಲ್ಕು ವರ್ಷದಲ್ಲಿ ರಾತ್ರಿಯ ಬಗ್ಗೆ ಕೇಳಿದ ಮೊದಲ ಡಾಕ್ಟರು ಇವರು. ಕೇಳದಿದ್ದರೆ ನಾನೂ ಹೇಳುತ್ತಿರಲಿಲ್ಲ, ಅದೂ ನಿಜ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.2. ಉರಿಯೂತ ತೋರಿಸುವ ಸಿಆರ್‌ಪಿ 38 (5ರ ಒಳಗಿರಬೇಕು). ಬಿ12 ನೆಲ ಕಚ್ಚಿತ್ತು. ಬಿ12 ಹೀರಿಕೊಳ್ಳುವುದು ಸಣ್ಣಕರುಳಿನ ಕೊನೆಯ ಭಾಗ, ಅಂದರೆ ಬಲಗಡೆ ಕೆಳಹೊಟ್ಟೆ, ನನಗೆ ಹಗ್ಗ ಹೊಸೆಯುತ್ತಿದ್ದ ಜಾಗವೇ. ಹತ್ತು ವರ್ಷದಿಂದ ಈ ಪಾಠ ಮಾಡಿದ್ದೇನೆ. ನನಗೇ ಹೊಳೆದಿರಲಿಲ್ಲ ನೋಡಿ.

ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಗೂ ಬರೆದರು. ಕರುಳಿನಲ್ಲಿ ಉರಿಯೂತವಿದ್ದರೆ ಬಿಳಿ ರಕ್ತಕಣಗಳು ಅಲ್ಲಿಗೆ ಮುತ್ತುತ್ತವೆ. ಅವು ಬಿಡುವ ಪ್ರೋಟೀನ್ ಅದು. ಸಾಮಾನ್ಯವಾಗಿ 50ರ ಒಳಗಿರಬೇಕು. ನೋವಿನ ಮಾತ್ರೆ ತಿನ್ನುತ್ತಿದ್ದರೂ ಅದು ಏರಬಹುದಂತೆ. ನನ್ನ ಪುಸ್ತಕದಲ್ಲಿದ್ದ ಮಂಡಿ ನೋವಿನ ಮಾತ್ರೆಗೆ ಡಾಕ್ಟರು ಕೆಂಪು ಗೆರೆ ಎಳೆದು, ಅದನ್ನು ನಿಲ್ಲಿಸಿ ಎರಡು ವಾರ ಆದ ಮೇಲೆ ಸ್ಯಾಂಪಲ್ ಕೊಡಿ ಅಂದರು. ಆದರೂ 860 ಬಂತು.

ಇನ್ನು ಕೊಲೊನೋಸ್ಕೋಪಿ, ಅಂದರೆ ಹಿಂದಿನಿಂದ ಕ್ಯಾಮೆರಾ ಟ್ಯೂಬ್ ಹಾಕಿ ಕರುಳಿನೊಳಗೆ ನೋಡೋದು. ಎಲ್ಲರೂ ಹೆದರೋದು ಟ್ಯೂಬಿಗೆ. ನಿದ್ದೆ ಬರಿಸುವುದರಿಂದ ಟ್ಯೂಬಿನದು ಏನೂ ಗೊತ್ತಾಗಲ್ಲ. ಕಷ್ಟ ಇರೋದು ಹಿಂದಿನ ದಿನ. ಕರುಳು ಖಾಲಿಯಾಗೋಕೆ ಒಂದು ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ, ಕಾಲು ಗಂಟೆಗೊಂದು ಲೋಟ ಕುಡೀತಾ ಹೋಗಬೇಕು. ಉಪ್ಪು ಜಾಸ್ತಿಯಾದ ನಿಂಬೆ ಶರಬತ್ತಿನ ರುಚಿ. ಮೂರನೇ ಲೋಟಕ್ಕೆ ಓಕರಿಕೆ ಬಂತು. ನಾನು ಕಂಡುಕೊಂಡ ಉಪಾಯ ಇಷ್ಟು: ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗೆ ಮಾಡಿಕೊಳ್ಳಿ, ಸ್ಟ್ರಾ ಹಾಕಿ ನಾಲಿಗೆಯ ಹಿಂದಕ್ಕೆ ಎಳೆದುಕೊಳ್ಳಿ, ನಡುನಡುವೆ ಎಳನೀರು ಕುಡಿಯಿರಿ. ಎಳನೀರು ಕುಡಿಯಬಹುದಾ ಅಂತ ಮೊದಲೇ ಕೇಳಿಕೊಂಡಿದ್ದೆ. ತಿಪಟೂರಿನವಳು ಕೇಳದೇ ಇರ್ತೀನಾ? ಕೆಂಪು ಬಣ್ಣದ ಜ್ಯೂಸು ಮಾತ್ರ ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತೆ. ಇನ್ನೊಂದು ಮಾತು, ಅವತ್ತು ಮೆತ್ತನೆ ಟವೆಲ್ಲು, ಕೊಬ್ಬರಿ ಎಣ್ಣೆ ಹತ್ತಿರ ಇಟ್ಟುಕೊಳ್ಳಿ. ಯಾಕೆ ಅಂತ ಆರನೇ ಸಲ ಹೋದಾಗ ಗೊತ್ತಾಗುತ್ತೆ.

ಸಣ್ಣಕರುಳು ದೊಡ್ಡಕರುಳಿಗೆ ಸೇರುವ ಜಾಗದಲ್ಲಿ ಹುಣ್ಣುಗಳು ಸಿಕ್ಕವು. ದಾರಿಯೂ ಕಿರಿದಾಗಿತ್ತು. ಚೂರು ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಿದರು. ಇಲ್ಲಿಗೆ ಕಾಯಿಲೆಯ ಹೆಸರು ಸಿಕ್ಕೇಬಿಡುತ್ತೆ ಅಂದುಕೊಂಡಿದ್ದೆ. ಎರಡು ಹೆಸರು ಸಿಕ್ಕವು. ಒಂದು ಕ್ರೋನ್ಸ್, ಅಂದರೆ ದೇಹದ ಕಾವಲೇ ಕರುಳಿನ ಮೇಲೆ ತಿರುಗಿಬಿದ್ದು ಉರಿಯೂತ ತರುವ ಕಾಯಿಲೆ. ಇನ್ನೊಂದು ಕರುಳಿನ ಟಿಬಿ.

ಎರಡೂ ಅದೇ ಜಾಗವನ್ನು ಇಷ್ಟಪಡುತ್ತವೆ. ಎರಡರಲ್ಲೂ ಹುಣ್ಣು, ಜ್ವರ, ತೂಕ ಇಳಿಯೋದು. ಬಯಾಪ್ಸಿಯಲ್ಲಿ ಗ್ರಾನುಲೋಮಾ ಅನ್ನೋ ಸಣ್ಣ ಗಂಟುಗಳು ಎರಡರಲ್ಲೂ ಬರಬಹುದು. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲಿ ಟಿಬಿ ಕಾಣಲಿಲ್ಲ. ಆದರೆ ಕರುಳಿನ ಟಿಬಿಯಲ್ಲಿ ರೋಗಾಣು ಬಹಳ ಕಡಿಮೆ ಇರುತ್ತೆ, ಹಾಗಾಗಿ ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ. ರೋಗಾಣು ಬೆಳೆಯುತ್ತಾ ಅಂತ ನೋಡುವ ಕಲ್ಚರ್ ವರದಿಗೆ ಆರೆಂಟು ವಾರ ಬೇಕು. ಕ್ರೋನ್ಸ್ ಅಂತಲೇ ತಿಳಿದು ಸ್ಟೀರಾಯ್ಡ್ ಕೊಟ್ಟು, ಅದು ಟಿಬಿ ಆಗಿದ್ದರೆ? ಸ್ಟೀರಾಯ್ಡ್ ದೇಹದ ಕಾವಲನ್ನೇ ಮಲಗಿಸಿಬಿಡುತ್ತೆ, ಟಿಬಿ ಹರಡುತ್ತೆ. ಅದಕ್ಕೆ ಮೊದಲು ಟಿಬಿ ಔಷಧಿ ಎರಡು ತಿಂಗಳು ಕೊಡ್ತೀನಿ, ಆಮೇಲೆ ಮತ್ತೆ ಟ್ಯೂಬ್ ಹಾಕಿ ನೋಡ್ತೀನಿ ಅಂದರು. ಹುಣ್ಣು ಮಾಯ್ದಿದ್ದರೆ ಟಿಬಿ, ಇಲ್ಲದಿದ್ದರೆ ಕ್ರೋನ್ಸ್.

ಇಲ್ಲದಿರಬಹುದಾದ ಕಾಯಿಲೆಗೆ ಔಷಧಿ! ಮನೆಗೆ ಬಂದು ಅತ್ತೆ ಹತ್ತಿರ ಕೂಗಾಡಿದೆ. ಪಾಪ, ಅವರೇನು ಮಾಡ್ತಾರೆ? ಈಗ ಯೋಚಿಸಿದರೆ ನನ್ನ ಇಡೀ ಕಥೆಯಲ್ಲಿ ಸರಿಯಾಗಿ ಯೋಚಿಸಿ ಮಾಡಿದ ಕೆಲಸ ಅದೇ ಅನ್ನಿಸುತ್ತೆ. ಟಿಬಿ ಇಷ್ಟೊಂದಿರುವ ನಮ್ಮ ದೇಶದಲ್ಲಿ ಔಷಧಿಯೂ ಒಂದು ಪರೀಕ್ಷೆಯೇ.

ಆ ಎರಡು ತಿಂಗಳು ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಅದು ರಿಫಾಂಪಿಸಿನ್ ಮಹಿಮೆ. ಲಿವರ್ ಪರೀಕ್ಷೆ ಮಾಡಿಸುತ್ತಾ ಇರಬೇಕಾಯಿತು. ಟಿಬಿ ರೋಗಿಗಳ ಸರ್ಕಾರಿ ಪಟ್ಟಿ ನಿಕ್ಷಯ್‌ನಲ್ಲಿ ಹೆಸರು ದಾಖಲಾಯಿತು, ಆಶಾ ಕಾರ್ಯಕರ್ತೆ ಮನೆಗೆ ಬಂದು ಹೋದರು. ಸ್ಟಾಫ್ ರೂಮಿನಲ್ಲಿ ನನ್ನ ಟೀ ಲೋಟ ತಾನಾಗಿಯೇ ಬೇರೆ ಶೆಲ್ಫಿಗೆ ಹೋಯಿತು. ಶ್ವಾಸಕೋಶದಲ್ಲಿಲ್ಲದ ಟಿಬಿ ಕೆಮ್ಮಿನಿಂದ ಹರಡಲ್ಲ ಅಂತ ವಿಜ್ಞಾನದ ಟೀಚರ್ ಹೇಳಿದರೂ ಯಾರು ನಂಬ್ತಾರೆ?

ತಮಾಷೆ ಅಂದರೆ, ನನಗೆ ಸ್ವಲ್ಪ ವಾಸಿ ಅನ್ನಿಸೋಕೆ ಶುರುವಾಯಿತು. ಎರಡು ಕೆಜಿ ಹೆಚ್ಚಾದೆ. ಹಾಗಾದರೆ ಟಿಬಿನೇ ಅಲ್ವಾ ಅಂತ ಡಾಕ್ಟರನ್ನು ಕೇಳಿದೆ. ಕ್ರೋನ್ಸ್ ಇದ್ದವರಿಗೂ ಹಾಗನ್ನಿಸಬಹುದು, ನಿಮ್ಮ ಮಾತನ್ನಲ್ಲ, ಹುಣ್ಣನ್ನು ಕೇಳೋಣ ಅಂದರು. ಮತ್ತೆ ಎರಡು ಲೀಟರ್ ಪುಡಿ ನೀರು, ಮತ್ತೆ ಟ್ಯೂಬು. ಹುಣ್ಣುಗಳು ಇದ್ದಲ್ಲೇ ಇದ್ದವು. ಕಲ್ಚರಿನಲ್ಲೂ ಏನೂ ಬೆಳೆದಿರಲಿಲ್ಲ.

ಟಿಬಿ ಅಲ್ಲ ಅಂದಾಗ ಮನೆಯವರೆಲ್ಲ ಸಮಾಧಾನಪಟ್ಟರು. ನಾನು ರೈಲಿನಲ್ಲಿ ಗುಬ್ಬಿ ಸ್ಟೇಷನ್ ಬರೋ ತನಕ ಅಳ್ತಾ ಇದ್ದೆ. ಟಿಬಿ ಆಗಿದ್ದರೆ ಆರು ತಿಂಗಳಲ್ಲಿ ಮುಗಿಯುತ್ತಿತ್ತು. ಕ್ರೋನ್ಸ್ ಹತೋಟಿಗೆ ಬರುತ್ತೆ, ಬುಡಸಮೇತ ಹೋಗಲ್ಲ. ಆ ಹೆಸರಾದರೂ ಎಂಥದ್ದು! 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಮೂವರೂ ಸೇರಿ ಬರೆದ ಲೇಖನದಿಂದ ಬಂದದ್ದು. ನಮ್ಮ ಹಾಜರಿ ಪುಸ್ತಕದ ಹಾಗೆ ಅಕ್ಷರ ಕ್ರಮದಲ್ಲಿ ಕ್ರೋನ್ ಮೊದಲಿದ್ದರು, ಅದಕ್ಕೆ ಕಾಯಿಲೆ ಅವರ ಪಾಲಿಗೆ ಬಂತು.

ಸ್ಟೀರಾಯ್ಡಿನಿಂದ ಮುಖ ಬೋಂಡಾದ ಹಾಗೆ ಊದಿತು, ಆಮೇಲೆ ಇಳಿಯಿತು. ಈಗ ದೇಹದ ಕಾವಲನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ತಗೊಳ್ತಾ ಇದ್ದೀನಿ. ಅದು ನಮ್ಮಲ್ಲಿ ಕೆಲವರ ರಕ್ತಕಣ ಇಳಿಸಿಬಿಡುತ್ತೆ. ಹಾಗಾಗಿ ಶುರು ಮಾಡುವ ಮೊದಲು ಒಂದು ಜೀನ್ ಪರೀಕ್ಷೆ ಮಾಡಿಸಿದರು, ಈಗಲೂ ಆಗಾಗ ರಕ್ತ ನೋಡಿಸಬೇಕು. ಮೊದಲು ಮನಸ್ಸಿಗೆ ಬಂದಂತೆ ನುಂಗುತ್ತಿದ್ದ ಭೇದಿ ನಿಲ್ಲಿಸುವ ಮಾತ್ರೆಗೆ ಡಾಕ್ಟರು ಚೆನ್ನಾಗಿ ಬೈದರು. ಕರುಳು ಕಿರಿದಾದವರು ಅದನ್ನು ತಾವೇ ತಗೊಂಡರೆ ದಾರಿಯೇ ಕಟ್ಟಿಕೊಳ್ಳಬಹುದಂತೆ. ಪರೀಕ್ಷೆ ಡ್ಯೂಟಿಗೆ ಹೆಡ್‌ಮಾಸ್ಟರ್ ಹತ್ತಿರ ಹೋಗಿ, ನಡುವೆ ಹತ್ತು ನಿಮಿಷ ಬಿಡಿಸೋಕೆ ಒಬ್ಬರು ಬೇಕು ಅಂದೆ. "ಅಷ್ಟೇ ತಾನೇ ಮೇಡಂ?" ಅಂದರು. ನಾಲ್ಕು ವರ್ಷ ಕಿಟಕಿ ಸರಳು ಹಿಡಿದದ್ದು ನೆನಪಾಗಿ ನನ್ನ ಮೇಲೇ ಸಿಟ್ಟು ಬಂತು.

ಹೋದ ತಿಂಗಳು ಕನ್ನಡ ಮೇಡಂ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಪಕ್ಕ ಬಂದು ಕೂತರು. "ನಂಗೂ ಹಿಂಗೇ ಆಗ್ತೈತೆ ಕಣ್ರೀ" ಅಂದರು. ನಿದ್ದೆಯಿಂದ ಎಬ್ಬಿಸುತ್ತಾ ಅಂತ ಕೇಳಿದೆ. ಇಲ್ಲವಂತೆ. ತೂಕ? ಅದು ಇಳಿದರೆ ಸಾಕಾಗಿದೆ ಅಂದರು. ಆದರೂ ತೋರಿಸಿ ಅಂದೆ. ರಕ್ತ ಚೆನ್ನಾಗಿತ್ತು, ಕ್ಯಾಲ್‌ಪ್ರೊಟೆಕ್ಟಿನ್ 30. ಐಬಿಎಸ್ ಅಂತಾಯಿತು. ಹಾಲು ಕಡಿಮೆ ಮಾಡಿದ್ದಾರೆ, ಈಗ ಪರವಾಗಿಲ್ಲವಂತೆ. ಮೊನ್ನೆ ಖುಷಿಗೆ ಕೊಬ್ಬರಿ ಮಿಠಾಯಿ ತಂದು ಎಲ್ಲರಿಗೂ ಹಂಚಿದರು. ಕರುಳು ಕಿರಿದಾಗಿರೋದರಿಂದ ನನಗೆ ನಾರಿನ ಪದಾರ್ಥ ಬೇಡ ಅಂದಿದ್ದಾರೆ. ಸುತ್ತ ಎತ್ತ ನೋಡಿದರೂ ತೆಂಗಿನ ತೋಟವಿರುವ ಊರಿನಲ್ಲಿ, ಕೊಬ್ಬರಿ ಚೂರನ್ನು ಬರೀ ಮೂಸಿ ನೋಡಿ ಪಕ್ಕದವರಿಗೆ ದಾಟಿಸಿದೆ.